ಡಬ್ಬಿಂಗ್ ಮತ್ತು ಕಂಟಿನ್ಯೂಯಿಟಿ ದೋಷಗಳನ್ನು ಗುರುತಿಸುವುದು ಹೇಗೆ: ಗಡಿನಾಡಿನ ಪ್ರೇಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿ ಮತ್ತು ರಾಯಚೂರಿನ ಚಿತ್ರಮಂದಿರಗಳಲ್ಲಿ ತೆಲುಗು ಚಿತ್ರಗಳು ಲಾಗಾಯ್ತಿನಿಂದ ಮೂಲ ಭಾಷೆಯಲ್ಲಿಯೇ ಓಡುತ್ತ ಬಂದಿವೆ. ಮನೆಯಲ್ಲಿ ಕನ್ನಡವಾಡಿ ಬಜಾರಿನಲ್ಲಿ ತೆಲುಗಾಡುವ ಇಲ್ಲಿಯ ಪ್ರೇಕ್ಷಕರಿಗೆ ಎರಡೂ ಭಾಷೆಗಳ ಮಾತು ಕಿವಿಗೆ ಪರಿಚಿತವಾಗಿರುವಂತೆಯೇ ಆ ಮಾತಾಡುವಾಗ ಬಾಯಿ ಹೇಗೆ ಚಲಿಸುತ್ತದೆ ಎಂಬುದೂ ಪರಿಚಿತ. 1960ರ ದಶಕದಿಂದ ಕನ್ನಡಕ್ಕೆ ಡಬ್ ಆದ ಚಿತ್ರಗಳಿಗೆ ಚಿತ್ರೋದ್ಯಮದೊಳಗಿಂದಲೇ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಂಥ ತಡೆ ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಆದೇಶಿಸಿದ ಮೇಲೆ ದಾರಿ ತೆರೆಯಿತು. ಇಂದು ಒಂದೇ ಚಿತ್ರದ ತೆಲುಗು ಮತ್ತು ಕನ್ನಡ ಧ್ವನಿಗಳೆರಡೂ ಒಟಿಟಿ ಆ್ಯಪ್‌ನ ಒಂದು ಗುಂಡಿಯ ದೂರದಲ್ಲಿವೆ. ಆದ್ದರಿಂದ ಡಬ್ಬಿಂಗ್ ದೋಷಗಳನ್ನು ಕಲಿತು ಗುರುತಿಸಲು ನಮ್ಮ ಸೀಮೆಯ ಪ್ರೇಕ್ಷಕರಿಗಿಂತ ಹೆಚ್ಚು ಅನುಕೂಲವುಳ್ಳವರು ವಿರಳ ಎಂದು ನಾನು ನಂಬಿದ್ದೇನೆ.

ಚಿತ್ರ ನೋಡುವಾಗ "ಇಲ್ಲೇನೋ ಸರಿಯಿಲ್ಲ" ಎಂದು ಎಲ್ಲರಿಗೂ ಅನಿಸುತ್ತದೆ. ಅದು ಮಾತು ತುಟಿಗೆ ಹೊಂದದ ಡಬ್ಬಿಂಗ್ ದೋಷವಿರಬಹುದು, ಇಲ್ಲವೇ ದೃಶ್ಯದ ನಡುವೆ ವಸ್ತು, ಉಡುಪು, ಬೆಳಕು ಕಾರಣವಿಲ್ಲದೆ ಬದಲಾಗುವ ಕಂಟಿನ್ಯೂಯಿಟಿ (ಸಾತತ್ಯ) ದೋಷವಿರಬಹುದು. ಆ ಅನಿಸಿಕೆಯನ್ನು ಯಾವ ಕ್ಷಣದಲ್ಲಿ, ಯಾವ ವಸ್ತುವಿನಲ್ಲಿ, ಯಾವ ಕಾರಣದಿಂದ ಎಂದು ಬಿಡಿಸಿ ಹೇಳಬಲ್ಲ ಮಟ್ಟಕ್ಕೆ ಒಯ್ಯುವುದೇ ಈ ಮಾರ್ಗದರ್ಶಿಯ ಉದ್ದೇಶ. ಕಾರಣ ಹೇಳಲಾಗದ ದೋಷವನ್ನು ಅನುಮಾನವೆಂದಷ್ಟೇ ಬರೆದುಕೊಳ್ಳಬೇಕು.

ಹಂತ 1: ಮೊದಲು ನಿಮ್ಮ ಸಲಕರಣೆಯನ್ನು ಪರೀಕ್ಷಿಸಿ

ಡಬ್ಬಿಂಗ್ ಕೆಟ್ಟಿದೆ ಎಂದು ದೂರುವ ಎಷ್ಟೋ ಸಂದರ್ಭಗಳಲ್ಲಿ ಕೆಟ್ಟಿರುವುದು ಮನೆಯ ಬ್ಲೂಟೂತ್ ಸ್ಪೀಕರ್ ಅಥವಾ ಇಯರ್‌ಫೋನ್. ಬ್ಲೂಟೂತ್ ಮೂಲಕ ಧ್ವನಿ ತಲುಪುವಾಗ ಸ್ವಲ್ಪ ವಿಳಂಬವಾಗುವುದು ಸಹಜವಾದುದರಿಂದ, ಪರಿಶೀಲನೆಗೆ ಕೂರುವಾಗ ತಂತಿಯ ಹೆಡ್‌ಫೋನನ್ನೇ ಬಳಸಿ. ಬಳಿಕ ಚಿತ್ರದಲ್ಲಿ ಬಾಗಿಲು ಬಡಿಯುವ, ಪಾತ್ರೆ ಬೀಳುವ ಅಥವಾ ಚಪ್ಪಾಳೆ ತಟ್ಟುವ ಒಂದು ದೃಶ್ಯವನ್ನು ಹುಡುಕಿ ನೋಡಿ. ಬಾಗಿಲಿನ ಸದ್ದೂ ತಡವಾಗಿ ಬಂದರೆ ದೋಷ ಸಲಕರಣೆಯದು ಅಥವಾ ಕಡತದ್ದು. ಬಾಗಿಲಿನ ಸದ್ದು ಸರಿಯಾಗಿದ್ದು ಬಾಯಿ ಮಾತ್ರ ತಪ್ಪಿದ್ದರೆ ದೋಷ ಡಬ್ಬಿಂಗಿನದು. ಈ ಒಂದು ಪರೀಕ್ಷೆಯನ್ನು ಮಾಡದೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ.

ಕಂಪ್ಯೂಟರಿನಲ್ಲಿ ನೋಡುವವರು ವಿಎಲ್‌ಸಿ ಪ್ಲೇಯರಿನಲ್ಲಿ 'ಇ' ಕೀಲಿ ಒತ್ತಿ ಒಂದೊಂದೇ ಫ್ರೇಮು (ಚಲನಚಿತ್ರದ ಒಂದೊಂದು ಸ್ಥಿರ ಬಿಂಬ) ಮುಂದಕ್ಕೆ ಹೋಗಬಹುದು. 'ಜೆ' ಮತ್ತು 'ಕೆ' ಕೀಲಿಗಳಿಂದ ಧ್ವನಿಯನ್ನು 50 ಮಿಲಿಸೆಕೆಂಡುಗಳಷ್ಟು ಹಿಂದೆ ಮುಂದೆ ಸರಿಸಬಹುದು. ಯೂಟ್ಯೂಬಿನಲ್ಲಿ ವೀಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮು ಮುಂದಕ್ಕೂ ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮು ಹಿಂದಕ್ಕೂ ಚಿತ್ರ ಸರಿಯುತ್ತದೆ.

ಎಷ್ಟು ವ್ಯತ್ಯಾಸವಾದರೆ ಅದು ದೋಷ ಎಂಬುದಕ್ಕೂ ಒಂದು ಅಳತೆ ಇದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮುಗಳಿರುವುದರಿಂದ ಒಂದು ಫ್ರೇಮಿನ ಅವಧಿ ಸುಮಾರು 42 ಮಿಲಿಸೆಕೆಂಡು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂಚೆ ಬಂದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ; ತಡವಾಗಿ ಬಂದರೆ 125 ಮಿಲಿಸೆಕೆಂಡು ದಾಟುವವರೆಗೂ ಗೊತ್ತಾಗುವುದಿಲ್ಲ. ಎಂದರೆ ಧ್ವನಿ ಒಂದು ಫ್ರೇಮಿಗಿಂತ ತುಸು ಹೆಚ್ಚು ಮುಂಚಿತವಾದರೂ ಮನಸ್ಸು ಒಪ್ಪದು, ಮೂರು ಫ್ರೇಮು ತಡವಾದರೂ ಒಪ್ಪೀತು. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಿದ್ದ ಮೇಲೆಯೇ ಸದ್ದು ಕೇಳುವ ಲೋಕದಲ್ಲಿ ನಾವು ಬದುಕುತ್ತಿರುವುದರಿಂದ ತಡವಾದ ಧ್ವನಿ ನಮಗೆ ಅಸಹಜವಲ್ಲ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, ಪರದೆಯಿಂದ 17 ಮೀಟರು ದೂರದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಮಾತು ಒಂದು ಫ್ರೇಮಿಗಿಂತ ತುಸು ಹೆಚ್ಚೇ ತಡವಾಗಿ ತಲುಪುತ್ತದೆ ಎಂಬುದನ್ನೂ ನೆನಪಿಡಿ.

ಹಂತ 2: ಒಮ್ಮೆ ಸುಮ್ಮನೆ ನೋಡಿ

ಮೊದಲ ಸಲ ಕಥೆಗಾಗಿಯೇ ನೋಡಿ. ಕಥೆ ತಿಳಿಯದೆ ಇದ್ದರೆ ಎರಡು ದೃಶ್ಯಗಳ ನಡುವೆ ಒಂದು ಗಂಟೆ ಕಳೆದಿದೆಯೋ ಒಂದು ವಾರ ಕಳೆದಿದೆಯೋ ಗೊತ್ತಾಗದು. ಅದು ಗೊತ್ತಿಲ್ಲದೆ ಗಡ್ಡ ಬೆಳೆದದ್ದು ತಪ್ಪೋ ಸರಿಯೋ ಹೇಳಲಾಗದು. ನೋಡುತ್ತಿರುವಾಗ ಮನಸ್ಸು ತಟಕ್ಕನೆ ಕಥೆಯಿಂದ ಹೊರಬಂದ ಜಾಗಗಳ ಸಮಯವನ್ನು ಮಾತ್ರ ಗುರುತು ಹಾಕಿಕೊಳ್ಳಿ.

ಹಂತ 3: ಧ್ವನಿ ಮುಚ್ಚಿ ತುಟಿ ಓದಿ

ಇದು ಅತ್ಯಂತ ಫಲಕೊಡುವ ಹಂತ. ಇದಕ್ಕೇ ಹೆಚ್ಚು ಹೊತ್ತು ಮೀಸಲಿಡಿ. ನಮ್ಮ ವರ್ಣಮಾಲೆಯನ್ನು ಹಿರಿಯರು ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ ಜೋಡಿಸಿಟ್ಟಿರುವುದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕವರ್ಗ ಗಂಟಲಿನ ಕಡೆ ಹುಟ್ಟುವುದರಿಂದ ಹೊರಗೆ ಕಾಣುವುದಿಲ್ಲ. ಚವರ್ಗ, ಟವರ್ಗ, ತವರ್ಗಗಳಲ್ಲಿ ನಾಲಗೆಯ ಕೆಲಸ ಬಾಯೊಳಗೇ ನಡೆಯುವುದರಿಂದ ಅರೆಬರೆಯಾಗಿ ಕಾಣುತ್ತದೆ. ಪವರ್ಗದ ಪ, ಬ, ಭ, ಮಗಳನ್ನು ಉಚ್ಚರಿಸಲು ತುಟಿಗಳೆರಡೂ ಪೂರ್ತಿ ಮುಚ್ಚಲೇಬೇಕು. ತುಟಿ ಮುಚ್ಚದೆ 'ಮ' ಎನ್ನಲು ಯಾರಿಗೂ ಸಾಧ್ಯವಿಲ್ಲ, ಮುಚ್ಚಿದ ತುಟಿಯಿಂದ 'ಆ' ಎನ್ನಲೂ ಸಾಧ್ಯವಿಲ್ಲ. ಆದ್ದರಿಂದ ಡಬ್ಬಿಂಗ್ ಪರಿಶೀಲನೆಯಲ್ಲಿ ಮೊದಲ ಕಾವಲು ಪವರ್ಗದ ಮೇಲೆ. ಎರಡನೆಯದು ಉ, ಊ, ಒ, ಓ ಸ್ವರಗಳಲ್ಲಿ ತುಟಿ ದುಂಡಾಗುವುದು. ಮೂರನೆಯದು 'ವ'ಕಾರದಲ್ಲಿ ಕೆಳತುಟಿ ಮೇಲಿನ ಹಲ್ಲಿಗೆ ತಾಕುವುದು. ಉಳಿದ ಅಕ್ಷರಗಳ ಮೇಲೆ ತಕರಾರು ತೆಗೆಯುವ ಗೋಜಿಗೆ ಹೋಗಬೇಡಿ.

ತೆಲುಗಿನಿಂದ ಕನ್ನಡಕ್ಕೆ ಬಂದ ಚಿತ್ರಗಳಲ್ಲಿ ಒಂದು ತೊಡಕು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಳಗನ್ನಡದ ಪದಾದಿಯ ಪಕಾರ ಮುಂದೆ ಕನ್ನಡದಲ್ಲಿ ಹಕಾರವಾಯಿತು; ತೆಲುಗಿನಲ್ಲಿ ಪಕಾರವೇ ಉಳಿಯಿತು. ಅವರ ಪಾಲು ನಮಗೆ ಹಾಲು, ಪುಲಿ ಹುಲಿ, ಪಾಮು ಹಾವು, ಪಾಟ ಹಾಡು, ಪದಿ ಹತ್ತು. ನಟನ ತುಟಿ ಮುಚ್ಚಿ ತೆರೆಯುತ್ತದೆ, ಕಿವಿಗೆ ಮಾತ್ರ ತುಟಿಯನ್ನೇ ಮುಟ್ಟದ ಹಕಾರ ಬೀಳುತ್ತದೆ. "ನೀ ಪೇರೇಂಟಿ" ಎಂದು ನಟ ಕೇಳಿದ ಜಾಗದಲ್ಲಿ "ನಿನ್ನ ಹೆಸರೇನು" ಎಂದು ಕೂರಿಸಿದರೆ, ಇಡೀ ಕನ್ನಡ ವಾಕ್ಯದಲ್ಲಿ ತುಟಿ ಮುಚ್ಚುವ ಅಕ್ಷರ ಒಂದೂ ಇಲ್ಲದಿರುವುದರಿಂದ ಆ 'ಪೇ' ಒಂಟಿಯಾಗಿ ಪರದೆಯ ಮೇಲೆ ಉಳಿದುಬಿಡುತ್ತದೆ. ಇದಕ್ಕೆ ತಿರುಗಾದ ತೊಡಕೂ ಉಂಟು. ಮಗುವೊಂದು "ನಾನ್ನಾ, ರಾ" ಎಂದು ಕರೆಯುವಾಗ ತುಟಿಗಳು ಒಮ್ಮೆಯೂ ಸೇರುವುದಿಲ್ಲ. ಅದೇ ಕನ್ನಡದಲ್ಲಿ "ಅಪ್ಪಾ, ಬಾ" ಎಂದಾದಾಗ ಎರಡು ಸಲ ಸೇರಬೇಕು. ಕ್ಲೋಸಪ್ಪಿನಲ್ಲಿ ಇದನ್ನು ಮುಚ್ಚಿಡಲು ದಾರಿಯಿಲ್ಲ. ಹಿಂದಿಯ 'ಮಾ' ಮುಚ್ಚಿದ ಬಾಯಿಂದ ಆರಂಭವಾದರೆ ನಮ್ಮ 'ಅಮ್ಮಾ' ತೆರೆದ ಬಾಯಿಂದ ಆರಂಭವಾಗುತ್ತದೆ.

ಅಭ್ಯಾಸಕ್ಕೆ ಹೀಗೆ ಮಾಡಿ: ಇಬ್ಬರು ಎದುರುಬದುರು ಕುಳಿತು ಮಾತಾಡುವ, ಮುಖಗಳು ದೊಡ್ಡದಾಗಿ ಕಾಣುವ ಎರಡು ನಿಮಿಷದ ಒಂದು ದೃಶ್ಯವನ್ನು ಆರಿಸಿಕೊಳ್ಳಿ. ಧ್ವನಿ ಮುಚ್ಚಿ ಅರ್ಧ ವೇಗದಲ್ಲಿ ನೋಡುತ್ತ, ತುಟಿ ಪೂರ್ತಿ ಮುಚ್ಚಿದಾಗಲೆಲ್ಲ ಕಾಗದದ ಮೇಲೆ ಸಮಯದೊಂದಿಗೆ ಒಂದು ಗೀಟು ಎಳೆಯಿರಿ. ಅನಂತರ ಕನ್ನಡದ ಸಂಭಾಷಣೆಯನ್ನು ಕೇಳಿ ಬರೆದುಕೊಂಡು ಅದರಲ್ಲಿರುವ ಪ, ಬ, ಮಗಳಿಗೆ ಅಡಿಗೆರೆ ಹಾಕಿ. ಗೀಟುಗಳೂ ಅಡಿಗೆರೆಗಳೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮೂಲ ಭಾಷೆಯ ಧ್ವನಿಗೆ ಬದಲಾಯಿಸಿ ನೋಡಿ. ಒಂದು ತುಟಿ ಮುಚ್ಚುವಿಕೆ ಎರಡು ಮೂರು ಫ್ರೇಮುಗಳಲ್ಲಿ ಮುಗಿದುಹೋಗುವುದರಿಂದ ಮೊದಮೊದಲು ಎಷ್ಟೋ ತಪ್ಪಿಹೋಗುತ್ತವೆ. ಅದೇ ದೃಶ್ಯವನ್ನೇ ಮತ್ತೆ ಮತ್ತೆ ನೋಡಿ ಕಣ್ಣನ್ನು ಪಳಗಿಸಬೇಕು.

ಒಳ್ಳೆಯ ಡಬ್ಬಿಂಗ್ ಕಂಡಾಗ ಅದನ್ನೂ ಬರೆದಿಡಿ. ದೋಷದ ಕಾರಣ ಅರ್ಥವಾಗುವುದು ಒಳ್ಳೆಯದನ್ನು ಪಕ್ಕದಲ್ಲಿಟ್ಟಾಗಲೇ. "ವೆಳ್ಳಿಪೋ" ಎಂಬ ಗದರಿಕೆಗೆ "ಹೊರಟುಹೋಗು" ಎಂದು ಬರೆದರೆ ಅರ್ಥ ಸರಿ, ತುಟಿ ತಪ್ಪು. ಸನ್ನಿವೇಶ ಒಪ್ಪುವ ಕಡೆ "ಹೋಗಪ್ಪೋ" ಎಂದು ಬರೆದ ಸಂಭಾಷಣೆಕಾರ ಕೊನೆಯ ತುಟಿ ಮುಚ್ಚುವಿಕೆಯನ್ನೂ ಓಕಾರದ ದುಂಡುತನವನ್ನೂ ಒಟ್ಟಿಗೇ ಉಳಿಸಿಕೊಂಡಿರುತ್ತಾನೆ. ಇಂಥ ಒಂದು ಪದಕ್ಕಾಗಿ ಆತ ಪಟ್ಟಿರುವ ಶ್ರಮ ಪರದೆಯ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ನಾವಾದರೂ ಅದನ್ನು ಗುರುತಿಸಬೇಕು.

ತುಟಿಯ ಜತೆಗೆ ಕೈಯನ್ನೂ ನೋಡಿ. ಕನ್ನಡ, ತೆಲುಗು, ಹಿಂದಿಗಳಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ಕೈಸನ್ನೆ ಮತ್ತು ಒತ್ತುಪದ ಹೆಚ್ಚು ಕಡಿಮೆ ಒಂದೇ ಕಡೆ ಬೀಳುತ್ತವೆ. ಇಂಗ್ಲಿಷ್ ಚಿತ್ರಗಳ ಕನ್ನಡ ಅವತರಣಿಕೆಯಲ್ಲಿ ಬೆರಳು ತೋರಿಸಿದ ಕ್ಷಣಕ್ಕೆ 'ಅಲ್ಲಿ' ಎಂಬ ಮಾತು ಬಾರದೆ ಮುಂಚೆಯೋ ಆಮೇಲೋ ಬರುವುದನ್ನು ಸುಲಭವಾಗಿ ಕಾಣಬಹುದು.

ಹಂತ 4: ಕಣ್ಣು ಮುಚ್ಚಿ ಕೇಳಿ

ಈಗ ಚಿತ್ರವನ್ನು ಮರೆಮಾಡಿ ಧ್ವನಿಯನ್ನಷ್ಟೇ ಕೇಳಿ. ಡಬ್ಬಿಂಗ್ ನಡೆಯುವುದು ಸದ್ದಿಲ್ಲದ ಸಣ್ಣ ಕೋಣೆಯಲ್ಲಿ. ದೃಶ್ಯ ನಡೆಯುವುದು ಬಯಲಿನಲ್ಲಿ, ದೇವಸ್ಥಾನದ ಮಂಟಪದಲ್ಲಿ, ಓಡುವ ಜೀಪಿನಲ್ಲಿ. ಕಲ್ಲಿನ ಮಂಟಪದಲ್ಲಿ ನಿಂತವನ ಮಾತಿಗೆ ಅನುರಣನ (ಗೋಡೆಗೆ ಬಡಿದು ಮರಳುವ ದನಿ) ಇಲ್ಲದಿದ್ದರೆ, ಹೊಲದ ಆಚೆ ತುದಿಯಲ್ಲಿರುವವನ ಕೂಗು ಕಿವಿಯ ಪಕ್ಕದಿಂದ ಕೇಳಿದರೆ, ಅದು ದೋಷ. ಆನೆಗುಂದಿ ಬಳಿಯ ಅಂಜನಾದ್ರಿ ಬೆಟ್ಟದ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಓಡುತ್ತ ಹತ್ತಿ ಬಂದ ಪಾತ್ರ ಏದುಸಿರಿಲ್ಲದೆ ಉದ್ದನೆಯ ಮಾತಾಡಿದರೆ, ಕಂಠದಾನ ಕಲಾವಿದ ಕುರ್ಚಿಯಲ್ಲಿ ಕುಳಿತೇ ಮಾತಾಡಿದ್ದಾನೆ ಎಂಬುದು ಬಯಲಾಗುತ್ತದೆ.

ಇನ್ನೊಂದು ಸೂಕ್ಷ್ಮ ಗುರುತು ಹಿನ್ನೆಲೆಯ ಸದ್ದುಗಳದು. ಬೇರೆ ಭಾಷೆಗೆ ಡಬ್ ಮಾಡುವವರಿಗೆ ಮಾತನ್ನು ತೆಗೆದು ಸಂಗೀತ ಮತ್ತು ಇತರ ಸದ್ದುಗಳಷ್ಟೇ ಇರುವ ಪ್ರತ್ಯೇಕ ಟ್ರ್ಯಾಕನ್ನು ಕೊಡಲಾಗುತ್ತದೆ. ಆ ಟ್ರ್ಯಾಕ್ ಪೂರ್ಣವಾಗಿಲ್ಲದಿದ್ದರೆ, ಮಾತಿನ ಜತೆಗೇ ದಾಖಲಾಗಿದ್ದ ಹೆಜ್ಜೆಸಪ್ಪಳ, ಬಳೆಯ ಸದ್ದು, ಸಂತೆಯ ಗದ್ದಲಗಳೆಲ್ಲ ಮಾತಿನೊಂದಿಗೇ ಕಳೆದುಹೋಗಿರುತ್ತವೆ. ಪಾತ್ರ ಮಾತಾಡುವಾಗ ಮಾತ್ರ ಸಂತೆ ಮೌನವಾಗಿ, ಮಾತು ನಿಂತೊಡನೆ ಮತ್ತೆ ಗದ್ದಲ ಎದ್ದರೆ ಕಾರಣ ಇದೇ.

ಭಾಷೆಯ ಸಾತತ್ಯವನ್ನೂ ಇದೇ ಹಂತದಲ್ಲಿ ಪರೀಕ್ಷಿಸಿ. ಒಂದು ದೃಶ್ಯದಲ್ಲಿ 'ಐತಿ', 'ಹೊಂಟೀನಿ' ಎನ್ನುವ ರೈತ ಮುಂದಿನ ದೃಶ್ಯದಲ್ಲಿ 'ಇದೆ', 'ಹೊರಟಿದ್ದೇನೆ' ಎಂದರೆ ಬಹುಶಃ ಎರಡು ಬೇರೆ ದಿನಗಳಲ್ಲಿ ಡಬ್ಬಿಂಗ್ ನಡೆದಿದೆ. ಗೌಡರ ಮುಂದೆ 'ರೀ' ಹಚ್ಚಿ ಮಾತಾಡುತ್ತಿದ್ದ ಆಳು ಕಾರಣವಿಲ್ಲದೆ ಏಕವಚನಕ್ಕೆ ಇಳಿದರೆ ಅನುವಾದಕರ ಗಮನ ತಪ್ಪಿದೆ. ಸಿಂಧನೂರಿನ ಕಥೆಯೆಂದು ಹೇಳಿಕೊಂಡ ಚಿತ್ರದ ಎಲ್ಲ ಪಾತ್ರಗಳೂ ಬೆಂಗಳೂರಿನ ಕನ್ನಡವಾಡುವುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ಆದರೆ ಆರಂಭದಿಂದ ಕೊನೆಯವರೆಗೂ ಹಾಗೇ ಇದ್ದರೆ ಅದು ಸಾತತ್ಯದ ದೋಷವಾಗದು; ಅದನ್ನು ಬೇರೆ ಪುಟದಲ್ಲಿ ಬರೆಯಬೇಕು.

ಹಂತ 5: ಪ್ರತಿ ಕಟ್‌ನಲ್ಲಿ ನಿಲ್ಲಿಸಿ

ಕಂಟಿನ್ಯೂಯಿಟಿ ದೋಷಗಳು ಹುಟ್ಟುವುದು ಒಂದು ಶಾಟ್ (ಕ್ಯಾಮೆರಾ ಎಡೆಬಿಡದೆ ತೆಗೆದ ಒಂದು ತುಣುಕು) ಮುಗಿದು ಇನ್ನೊಂದು ಆರಂಭವಾಗುವ ಕಟ್‌ನಲ್ಲಿ. ಚಿತ್ರವನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದಿಲ್ಲ. ಒಂದೇ ದೃಶ್ಯದಲ್ಲಿಯೂ ಮೊದಲು ಒಬ್ಬ ನಟನ ಕಡೆಯ ಶಾಟ್‌ಗಳನ್ನೆಲ್ಲ ಮುಗಿಸಿ, ದೀಪಗಳನ್ನೂ ಕ್ಯಾಮೆರಾವನ್ನೂ ಸ್ಥಳಾಂತರಿಸಿ, ಒಂದೆರಡು ಗಂಟೆಯ ಮೇಲೆ ಎದುರಿನ ನಟನ ಕಡೆಯದನ್ನು ತೆಗೆಯುತ್ತಾರೆ. ನಡುವೆ ಏನೂ ಬದಲಾಗದಂತೆ ಫೋಟೊ ತೆಗೆದು, ಬರೆದಿಟ್ಟು ಕಾಯುವುದು ನಮ್ಮಲ್ಲಿ ಬಹುತೇಕ ಸಹಾಯಕ ನಿರ್ದೇಶಕರ ಹೊಣೆ.

ಹೋಟೆಲಿನಲ್ಲಿ ಇಬ್ಬರು ಒಗ್ಗರಣಿ ಮಿರ್ಚಿ ತಿನ್ನುತ್ತ ಮಾತಾಡುವ ದೃಶ್ಯವೊಂದನ್ನು ಊಹಿಸಿಕೊಳ್ಳಿ. ತಟ್ಟೆಯಲ್ಲಿ ಮೂರು ಮಿರ್ಚಿ, ಪಕ್ಕದಲ್ಲಿ ಚಹಾ. ಅಣ್ಣನ ಮುಖ ಕಾಣುವ ಶಾಟ್‌ಗಳನ್ನು 1, 3, 5 ಎಂದೂ ತಮ್ಮನ ಮುಖ ಕಾಣುವ ಶಾಟ್‌ಗಳನ್ನು 2, 4, 6 ಎಂದೂ ಗುರುತಿಸಿ, ಪ್ರತಿಯೊಂದರಲ್ಲಿ ಉಳಿದ ಮಿರ್ಚಿ ಎಷ್ಟು, ಕಚ್ಚಿದ ಗುರುತು ಎಲ್ಲಿ, ಚಹಾ ಲೋಟದ ಯಾವ ಮಟ್ಟಕ್ಕಿದೆ ಎಂದು ಬರೆಯುತ್ತ ಹೋಗಿ. ಬೆಸ ಶಾಟ್‌ಗಳು ತಮ್ಮತಮ್ಮಲ್ಲಿ ಸರಿಯಾಗಿದ್ದು, ಸಮ ಶಾಟ್‌ಗಳೂ ತಮ್ಮತಮ್ಮಲ್ಲಿ ಸರಿಯಾಗಿದ್ದು, ಎರಡು ಗುಂಪುಗಳ ನಡುವೆ ಮಾತ್ರ ವ್ಯತ್ಯಾಸವಿದ್ದರೆ, ಕ್ಯಾಮೆರಾ ಸ್ಥಳಾಂತರಿಸುವಾಗ ತಟ್ಟೆಯನ್ನು ಹಿಂದಿನಂತೆ ಜೋಡಿಸಿಲ್ಲ ಎಂದರ್ಥ. ಶಾಟ್ 1ರಲ್ಲಿ ಎರಡು ಮಿರ್ಚಿ ಉಳಿದು 3ರಲ್ಲಿ ಮೂರಾಗಿ 5ರಲ್ಲಿ ಮತ್ತೆ ಎರಡಾದರೆ, ಸಂಕಲನಕಾರರು ನಟನೆ ಚೆನ್ನಾಗಿದ್ದ ಬೇರೆ ಬೇರೆ ಟೇಕ್‌ಗಳನ್ನು (ಒಂದೇ ಶಾಟನ್ನು ಮತ್ತೆ ಮತ್ತೆ ಚಿತ್ರೀಕರಿಸಿದ ಪ್ರತಿಗಳನ್ನು) ಬೆರೆಸಿದ್ದಾರೆ ಎಂದರ್ಥ. ದೋಷ ಮೇಲ್ನೋಟಕ್ಕೆ ಒಂದೇ, ಅದಕ್ಕೆ ಕಾರಣರಾದವರು ಬೇರೆ. ಎರಡನೆಯದನ್ನು ಹೆಚ್ಚಿನ ಸಂಕಲನಕಾರರು ಗೊತ್ತಿದ್ದೇ ಒಪ್ಪಿಕೊಳ್ಳುತ್ತಾರೆ. ಮಿರ್ಚಿಯ ಲೆಕ್ಕಕ್ಕಿಂತ ನಟನ ಮುಖದ ಭಾವ ಮುಖ್ಯ ಎಂಬ ಅವರ ತೀರ್ಮಾನ ನನ್ನ ದೃಷ್ಟಿಯಲ್ಲಿ ಸರಿಯಾದುದೇ.

ಉಳಿದಂತೆ ನೋಡಬೇಕಾದ ಜಾಗಗಳು ಹೆಗಲ ಮೇಲಿನ ಟವೆಲ್, ಕುಂಕುಮದ ಆಕಾರ, ಅಂಗಿಯ ತೋಳಿನ ಮಡಿಕೆ, ಗಾಯದ ಉದ್ದ, ಒದ್ದೆ ಬಟ್ಟೆ, ಗೋಡೆ ಗಡಿಯಾರದ ಮುಳ್ಳು. ಮಾತಾಡುವ ಇಬ್ಬರಲ್ಲಿ ಎಡಗಡೆಯವರು ಬಲಕ್ಕೂ ಬಲಗಡೆಯವರು ಎಡಕ್ಕೂ ನೋಡುತ್ತಿರಬೇಕು. ಕ್ಯಾಮೆರಾ ಅವರಿಬ್ಬರ ನಡುವಿನ ರೇಖೆಯನ್ನು ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುತ್ತದೆ. ಕೆಲವೊಮ್ಮೆ ಸಂಕಲನದಲ್ಲಿ ಶಾಟನ್ನೇ ಕನ್ನಡಿಯಂತೆ ತಿರುಗಿಸಿ ಬಳಸುತ್ತಾರೆ. ಎಡ ಹೆಗಲ ಸೆರಗು ಬಲಕ್ಕೆ ಬಂದಿದ್ದರೆ, ಗಂಡಸರ ಅಂಗಿಯ ಗುಂಡಿಗಳ ಸಾಲು ಬಲಬದಿಯಿಂದ ಎಡಬದಿಗೆ ಸರಿದಿದ್ದರೆ, ಕೈಗಡಿಯಾರ ಕೈ ಬದಲಿಸಿದ್ದರೆ ಅದು ಖಚಿತ.

ಹಂತ 6: ಬಿಸಿಲು, ನೀರು, ಬಂಡೆ

ನಮ್ಮ ಭಾಗದಲ್ಲಿ ಚಿತ್ರೀಕರಿಸಿದ ದೃಶ್ಯಗಳಾದರೆ ಪರಿಶೀಲನೆಗೆ ನೆಲವೇ ಸಾಕ್ಷಿ. ಬಳ್ಳಾರಿ ಮತ್ತು ಹಂಪಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುವುದರಿಂದ ನೆರಳು ಕಾಲಡಿಗೆ ಸೇರುತ್ತದೆ. ಡಿಸೆಂಬರ್ ಮೂರನೆಯ ವಾರದಲ್ಲಾದರೆ ನಡುಹಗಲಿನಲ್ಲೂ ನೆರಳು ಆಳೆತ್ತರದ ಐದರಲ್ಲಿ ನಾಲ್ಕು ಭಾಗದಷ್ಟು ಉದ್ದವಾಗಿ ಉತ್ತರಕ್ಕೆ ಬೀಳುತ್ತದೆ. ನೆರಳು ಆಳೆತ್ತರದಷ್ಟೇ ಇದ್ದರೆ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾನೆ. ಒಂದೇ ಸಂಭಾಷಣೆಯ ಒಂದು ಶಾಟ್‌ನಲ್ಲಿ ಕಾಲಡಿಯ ನೆರಳೂ ಮುಂದಿನದರಲ್ಲಿ ಮಾರುದ್ದದ ನೆರಳೂ ಇದ್ದರೆ ನಡುವೆ ಹಲವು ಗಂಟೆ ಕಳೆದಿದೆ. ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರ ಪೂರ್ವಾಭಿಮುಖವಾದುದರಿಂದ, ಬಜಾರಿನ ಕಡೆಯಿಂದ ನೋಡುವಾಗ ಅದರ ಮುಖ ಬೆಳಗಿದ್ದರೆ ಬೆಳಗಿನ ಹೊತ್ತು, ಮಂಕಾಗಿ ಅದರ ಹಿಂದೆ ಆಕಾಶ ಬೆಳಗಿದ್ದರೆ ಸಂಜೆ.

ತುಂಗಭದ್ರೆಯೂ ಕಾಲ ಹೇಳುತ್ತಾಳೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. ಬೇಸಿಗೆಯಲ್ಲಿ ಅದರ ಸುತ್ತ ನಡೆದಾಡಬಹುದು. ನಾಯಕ ಹರಿಗೋಲಿನಿಂದ ಇಳಿಯುವ ಶಾಟ್‌ನಲ್ಲಿ ಮಂಟಪದ ಕಂಬಗಳು ಅರ್ಧ ನೀರಿನಲ್ಲಿದ್ದು ಮುಂದಿನ ಶಾಟ್‌ನಲ್ಲಿ ಬುಡದವರೆಗೂ ಒಣಗಿದ್ದರೆ, ಆ ಎರಡು ಶಾಟ್‌ಗಳ ನಡುವೆ ವಾರಗಳೋ ತಿಂಗಳುಗಳೋ ಇವೆ. ಗಂಗಾವತಿಯ ಕಡೆಯ ಭತ್ತದ ಗದ್ದೆಯೂ ಹೀಗೆಯೇ: ನಾಟಿಯ ಎಳೆಹಸಿರೂ ಕೊಯ್ಲಾದ ಕೂಳೆಯೂ ಒಂದೇ ಮಧ್ಯಾಹ್ನದ ಕಥೆಯಲ್ಲಿ ಬರಲಾರವು. ಆನೆಗುಂದಿಯ ಬಂಡೆ ಹತ್ತಿದವನು ಮರುಕ್ಷಣ ಹಂಪಿಯ ಮಾತಂಗ ಬೆಟ್ಟದ ಮೇಲಿದ್ದರೆ ನಡುವೆ ನದಿಯೇ ಇದೆ. ಹೆಬ್ಬಂಡೆಗಳ ಆಕಾರ ಬದಲಾಗದಿರುವುದರಿಂದ ಸ್ಥಳ ಗುರುತಿಸಲು ಅವುಗಳಷ್ಟು ನಂಬಿಕೆಯ ಗುರುತು ಬೇರಿಲ್ಲ. ಆದರೆ ಕಥೆ ಕಾಲ್ಪನಿಕ ಊರಿನದಾಗಿದ್ದರೆ ಈ ಸ್ಥಳಜಿಗಿತವನ್ನು ದೋಷವೆನ್ನಬಾರದು; ಎರಡು ಸ್ಥಳ ಸೇರಿಸಿ ಒಂದೂರು ಕಟ್ಟುವುದು ಸಿನಿಮಾದ ಹಕ್ಕು.

ಹಂತ 7: ಫಲಕ ಮತ್ತು ಅಕ್ಷರಗಳು

ಪರದೆಯ ಮೇಲೆ ಅಕ್ಷರ ಕಂಡಲ್ಲೆಲ್ಲ ನಿಲ್ಲಿಸಿ ಓದಿ. ಡಬ್ ಆದ ಚಿತ್ರದಲ್ಲಿ ಪಾತ್ರ "ಇದು ರಾಯಚೂರು" ಎಂದರೂ ಹಿಂದಿನ ಅಂಗಡಿಯ ಫಲಕಗಳೆಲ್ಲ ತೆಲುಗಿನಲ್ಲಿದ್ದು, ವಾಹನಗಳಿಗೆ ಕೆಎ-36ರ ಬದಲು ಆಂಧ್ರದ ಸಂಖ್ಯೆಯಿರುವುದು ಸಾಮಾನ್ಯ. ನಮ್ಮ ಇತರ ಸಂಖ್ಯೆಗಳು ಬಳ್ಳಾರಿಗೆ ಕೆಎ-34, ಹೊಸಪೇಟೆಗೆ ಕೆಎ-35, ಕೊಪ್ಪಳಕ್ಕೆ ಕೆಎ-37. ಹಳೆಯ ಕಾಲದ ಕಥೆಗಳಲ್ಲಿ ಹೆಸರುಗಳೇ ಸಿಕ್ಕಿಬೀಳಿಸುತ್ತವೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಇಂಗ್ಲಿಷಿನಲ್ಲಿಯೂ ಬಳ್ಳಾರಿ ಎಂಬ ರೂಪ ಅಧಿಕೃತವಾದದ್ದು 2014ರಲ್ಲಿ, ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದದ್ದು 2019ರಲ್ಲಿ, ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. 1985ರ ಕಥೆಯಲ್ಲಿ 'ಕೊಪ್ಪಳ ಜಿಲ್ಲೆ' ಎಂಬ ಫಲಕವಿದ್ದರೆ, ಅಥವಾ ಹಂಪಿಯ ಕಲ್ಲಿನ ರಥವಿರುವ, 2017ರಲ್ಲಿ ಬಂದ 50 ರೂಪಾಯಿಯ ನೋಟು ಕೈ ಬದಲಾದರೆ ಬೇರೆ ಪುರಾವೆ ಬೇಕಿಲ್ಲ.

ಹಂತ 8: ದೋಷವೆನ್ನುವ ಮೊದಲು

ಭಾರತೀಯ ಚಿತ್ರಗಳಲ್ಲಿ ಮೂಲ ಭಾಷೆಯ ಮಾತನ್ನೂ ಚಿತ್ರೀಕರಣದ ನಂತರ ಸ್ಟುಡಿಯೊದಲ್ಲಿ ಮರುದಾಖಲಿಸುವ ರೂಢಿ ಬಹಳ ಹಳೆಯದು. ಎಷ್ಟೋ ನಟಿಯರಿಗೆ ಬೇರೆ ಕಲಾವಿದೆಯರು ಧ್ವನಿ ಕೊಡುತ್ತಾರೆ. ಆದ್ದರಿಂದ ತುಟಿ ತಪ್ಪಿದ ಮಾತ್ರಕ್ಕೆ ಚಿತ್ರ ಬೇರೆ ಭಾಷೆಯದು ಎನ್ನಲಾಗದು. ತುಟಿ ಆಡುತ್ತಿದ್ದರೂ ಒಂದು ಪದ ಕೇಳದಿದ್ದರೆ ಸೆನ್ಸಾರ್ ಮಂಡಳಿ ಆ ಪದವನ್ನು ಮೌನಗೊಳಿಸಲು ಸೂಚಿಸಿರಬಹುದು. ಬೆನ್ನು ತಿರುಗಿಸಿ ನಿಂತ ಪಾತ್ರ ಇದ್ದಕ್ಕಿದ್ದಂತೆ ಕಥೆಯ ಮುಖ್ಯ ವಿಷಯವನ್ನು ಹೇಳಿದರೆ ಆ ಮಾತು ಸಂಕಲನದ ಹೊತ್ತಿಗೆ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಅದು ಪರಿಹಾರ, ದೋಷವಲ್ಲ. ಹಾಡಿನಲ್ಲಿ ಚರಣಕ್ಕೊಂದು ಉಡುಪು ಬದಲಾಗುವುದು ನಮ್ಮ ಸಿನಿಮಾದ ಸಂಪ್ರದಾಯ. ಒಬ್ಬರ ನೆನಪಿನಲ್ಲಿ ಬಂದ ದೃಶ್ಯ ಇನ್ನೊಬ್ಬರ ನೆನಪಿನಲ್ಲಿ ಬೇರೆಯಾಗಿ ಬಂದರೆ ಅದು ನಿರ್ದೇಶಕರ ಉದ್ದೇಶವೇ ಆಗಿರಬಹುದು.

ಹಂತ 9: ದಾಖಲಿಸುವ ಕ್ರಮ

ಒಂದು ನೋಟ್‌ಬುಕ್ಕಿನಲ್ಲಿ ಸಮಯ, ಕಂಡದ್ದು, ಕಾರಣದ ಊಹೆ, ಖಚಿತತೆ ಎಂದು ನಾಲ್ಕು ಕಲಂ ಎಳೆಯಿರಿ. ನೋಡಿದ ಅವತರಣಿಕೆ ಯಾವುದು, ಚಿತ್ರಮಂದಿರವೋ ಒಟಿಟಿಯೋ ಟಿವಿಯೋ ಎಂಬುದನ್ನು ಪುಟದ ಮೇಲೆಯೇ ಬರೆಯಿರಿ. ಟಿವಿಗಾಗಿ ಕತ್ತರಿಸಿದ ಪ್ರತಿಯಲ್ಲಿ ಸಮಯವೂ ಕಟ್‌ಗಳೂ ಬೇರೆಯಾಗಿರುತ್ತವೆ. ಒಂದು ಮಾದರಿ ನಮೂದು ಹೀಗಿರಬಹುದು: "41ನೆಯ ನಿಮಿಷ, 17ನೆಯ ಸೆಕೆಂಡು. ತಾಯಿಯ ಕ್ಲೋಸಪ್. 'ಹಾಲು ಕುಡಿ' ಎಂದು ಕೇಳುತ್ತದೆ, ಆರಂಭದಲ್ಲಿ ತುಟಿ ಮುಚ್ಚಿದೆ. ಮೂಲದಲ್ಲಿ 'ಪಾಲು' ಇದೆ, ತೆಲುಗು ಧ್ವನಿಯಲ್ಲಿ ಪರಿಶೀಲಿಸಿದೆ. ಖಚಿತ." ಮೂಲವನ್ನು ಪರಿಶೀಲಿಸಲಾಗದಿದ್ದರೆ 'ಖಚಿತ' ಎಂಬುದರ ಬದಲು 'ಅನುಮಾನ' ಎಂದೇ ಬರೆಯಬೇಕು.

ಸಾಧ್ಯವಾದರೆ ಇಬ್ಬರು ಕುಳಿತು, ಒಬ್ಬರು ತುಟಿಯನ್ನೂ ಇನ್ನೊಬ್ಬರು ವಸ್ತುಗಳನ್ನೂ ಕಾಯಿರಿ. ಅರ್ಧ ಚಿತ್ರವಾದ ಮೇಲೆ ಕೆಲಸ ಬದಲಿಸಿಕೊಳ್ಳಿ. ಮುಗಿಯುವವರೆಗೂ ಒಬ್ಬರ ಪುಟವನ್ನು ಇನ್ನೊಬ್ಬರು ನೋಡಬಾರದು. ಹೋಲಿಸುವಾಗ ಇಬ್ಬರ ಪಟ್ಟಿಯಲ್ಲೂ ಇರುವ ನಮೂದುಗಳಿಗೆ ಒಂದು ಗುರುತು ಹಾಕಿ, ಒಬ್ಬರ ಪಟ್ಟಿಯಲ್ಲಷ್ಟೇ ಇರುವುದನ್ನು ಫ್ರೇಮು ಫ್ರೇಮಾಗಿ ಮತ್ತೊಮ್ಮೆ ನೋಡಿ ಉಳಿಸಬೇಕೋ ಹೊಡೆದುಹಾಕಬೇಕೋ ತೀರ್ಮಾನಿಸಿ.